ಯಶವಂತಪುರದ ರೋಮನ್ ನಾಣ್ಯ ಅಂತ ಯಾರಾದರೂ ತೋರಿಸಿದರೆ ಹುಷಾರು

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. 15 ವರ್ಷದಿಂದ ನಾಣ್ಯ ಕೂಡಿಸುತ್ತಿರುವ ನಾನು 14,000 ರೂಪಾಯಿ ಎಣಿಸಿಕೊಟ್ಟು ಎರಕ ಹೊಯ್ದ ನಕಲಿ ಬಿಲ್ಲೆ ಮನೆಗೆ ತಂದೆ. ಬಿಲ್ಲೂ ಇಲ್ಲ.

ರೋಮನ್ ಚಕ್ರವರ್ತಿ ಟಿಬೇರಿಯಸನ ಡಿನೇರಿಯಸ್, ಅಂದರೆ ಆ ಕಾಲದ ಬೆಳ್ಳಿ ನಾಣ್ಯ, ಅಂದ ಮಾರಿದವನು. ಒಂದು ಕಡೆ ಎಲೆಗಳ ಕಿರೀಟದ ಮುಖ, ಸುತ್ತ ‘ದೈವವಾದ ಅಗಸ್ಟಸನ ಮಗ’ ಅನ್ನೋ ಬರಹ. ಹಿಂದೆ ಕೂತಿರುವ ಹೆಂಗಸು, ಕೈಯಲ್ಲಿ ದಂಡ, ಕೊಂಬೆ. ಅವಳು ಅವನ ತಾಯಿ ಲಿವಿಯಾ ಅಂತ ತುಂಬಾ ಜನ ಹೇಳುತ್ತಾರೆ. ಅಪ್ಪ ದೇವರು, ಅಮ್ಮ ದೇವತೆಯ ಹಾಗೆ, ಇಷ್ಟು ಚಿಕ್ಕ ಬೆಳ್ಳಿಯಲ್ಲಿ ಇಡೀ ಮನೆತನದ ಪ್ರಚಾರ! ಅದಕ್ಕೇ ಮರುಳಾದೆ. ಮೇಲೆ ‘ಯಶವಂತಪುರದ ನಿಧಿಯದ್ದು ಸರ್’ ಅಂದ. 1891ರಲ್ಲಿ ಅಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು ನಿಜ. ಅದು ಇವನ ಜೇಬಿಗೆ ಹೇಗೆ ಬಂತು ಅಂತ ಕೇಳಬೇಕಿತ್ತಲ್ವಾ? ಕೇಳಲಿಲ್ಲ.

ಮನೆ ಹತ್ತಿರದ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದೆ. 2.9 ಗ್ರಾಂ. ಟಿಬೇರಿಯಸನದು ಸುಮಾರು 3.7 ಇರಬೇಕು. ಫೋನ್ ಮಾಡಿದರೆ, ‘ಎರಡು ಸಾವಿರ ವರ್ಷ ಆಯ್ತಲ್ಲ ಸರ್, ಸವೆದಿದೆ’ ಅಂದ. ಸವೆದಿದ್ದರೆ ಮೂಗು, ಕಿವಿ, ಕೂದಲು ಅಷ್ಟು ಚೆನ್ನಾಗಿ ಉಳಿಯುತ್ತಿತ್ತಾ? ಆದರೂ ಆವತ್ತು ಸುಮ್ಮನಾದೆ, ನಂಬಬೇಕು ಅಂತ ಆಸೆ ಇತ್ತಲ್ಲ.

ವಾರ ಬಿಟ್ಟು ಅವನೇ ವಾಟ್ಸಾಪಿನಲ್ಲಿ ಇನ್ನೊಂದರ ಫೋಟೋ ಹಾಕಿದ. ಲಿವಿಯಾಳ ತಲೆ ಮೇಲೆ ಅಂಚಿನಲ್ಲಿ ಒಂದು ಸೀಳು. ನನ್ನದರಲ್ಲೂ ಅಲ್ಲೇ, ಅಷ್ಟೇ ಉದ್ದ. ಎರಡೂ ಪಕ್ಕಪಕ್ಕ ಇಟ್ಟು ನೋಡಿದೆ, ಮತ್ತೆ ನೋಡಿದೆ. ಹೊಟ್ಟೆಯಲ್ಲಿ ತಣ್ಣಗಾಯಿತು.

‘ಒಂದೇ ಅಚ್ಚು ಸರ್, ಹಾಗೇ ಇರುತ್ತೆ, ನಿಮಗೆ ಗೊತ್ತಿಲ್ಲ’ ಅಂತ ಉತ್ತರ. ನನಗೆ ಗೊತ್ತಿಲ್ಲವಂತೆ! ಅಚ್ಚು ಒಂದೇ ಆದರೆ ಚಿತ್ರ ಒಂದೇ ಇರುತ್ತೆ ಮಾರಾಯ. ಆಗ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಆ ಏಟಿಗೆ ಬಿಲ್ಲೆ ಸೀಳೋದು ಒಂದೊಂದರಲ್ಲಿ ಒಂದೊಂದು ಥರ. ಸೀಳೂ ಒಂದೇ ಅಂದರೆ ಒಂದನ್ನು ಇಟ್ಟು ಎರಕ ಹೊಯ್ದಿದ್ದಾನೆ ಅಂತ ಅರ್ಥ. ದುಡ್ಡು ವಾಪಸ್ ಕೇಳಿದೆ. ‘ಪುರಾತನ ವಸ್ತು, ರಸೀದಿ ಇಲ್ಲದೆ ಕೊಂಡಿದ್ದೀರಿ, ನಿಮಗೇ ತೊಂದರೆ’ ಅಂತ ನನ್ನನ್ನೇ ಹೆದರಿಸಿ ಬ್ಲಾಕ್ ಮಾಡಿದ. ಮಾರಿದವನು ಅವನು, ತೊಂದರೆ ನನಗಂತೆ.

ಪುರಾತನ ವಸ್ತು ಮಾರೋಕೆ ಲೈಸೆನ್ಸ್ ಬೇಕು, 1972ರ ಕಾಯ್ದೆ ಇದೆ, ಅದನ್ನು ಮೊದಲು ಕೇಳಿ. ತಕ್ಕಡಿ ಜೊತೆಗೆ ಒಯ್ಯಿರಿ, ಅಂಚು ನೋಡಿ. ಕಥೆ ಹೇಳೋಕೆ ಶುರು ಮಾಡಿದರೆ ಎದ್ದು ಬನ್ನಿ. ನಿನ್ನೆ ಗೆಳೆಯನ ಫೋನಿನಲ್ಲಿ ನೋಡಿದೆ, ಮೂರನೇದು ಮಾರಾಟಕ್ಕೆ ಇಟ್ಟಿದ್ದಾನೆ. ಬೆಲೆ 16,000.