ಹೊಲಿಗೆ ಟೇಬಲ್, 14 ತಿಂಗಳು ಬಳಸಿದ್ಮೇಲೆ: ಭುಜ ನೋವು ಹೋಯ್ತು, ಹಲಗೆ ಕೈ ಕೊಡ್ತು

ಮೆಷಿನ್ ಬಗ್ಗೆ ಬರೀತಿಲ್ಲ, ಯಾವ ಮೆಷಿನ್ ಎಷ್ಟು ಸ್ಟಿಚ್ ಹಾಕುತ್ತೆ ಅನ್ನೋದನ್ನ ನೀವೆಲ್ಲ ನೋಡಿರ್ತೀರಾ. ನಾನು ಹೇಳ್ಬೇಕಿರೋದು ಅದು ಕೂರೋ ಟೇಬಲ್ ವಿಷ್ಯ. ಆರು ವರ್ಷ ಡೈನಿಂಗ್ ಟೇಬಲ್ ಮೇಲೆ ಮೆಷಿನ್ ಇಟ್ಕೊಂಡು ಬ್ಲೌಸ್, ಫಾಲ್ಸು, ಮಕ್ಕಳ ಲಂಗ ಅಂತ ಹೊಲಿದೆ, ಒಂದು ಗಂಟೆ ಕೂತ್ರೆ ಸಾಕು ಬಲಗಡೆ ಭುಜದಿಂದ ಕತ್ತಿನ ತನಕ ಹಿಡ್ಕೊಳ್ತಿತ್ತು, ರಾತ್ರಿ ಬಿಸಿನೀರಿನ ಬ್ಯಾಗ್ ಇಟ್ಕೊಂಡೇ ಮಲಗಬೇಕು.

ನಮ್ಮತ್ತೆ ಹತ್ರ ಕಾಲಲ್ಲಿ ತುಳಿಯೋ ಹಳೇ ಕಪ್ಪು ಮೆಷಿನ್ ಇದೆ, ದಿನವಿಡೀ ಅದರಲ್ಲಿ ಹೊಲಿದ್ರೂ ಭುಜ ನೋವು ಅಂತ ಅವರ ಬಾಯಲ್ಲಿ ಕೇಳಿಲ್ಲ. ಒಂದಿನ ಟೇಪ್ ಹಿಡಿದು ಅಳೆದೆ. ಅವರ ಟೇಬಲ್ಲೂ 30 ಇಂಚು ಎತ್ತರ, ನನ್ನ ಡೈನಿಂಗ್ ಟೇಬಲ್ಲೂ 30 ಇಂಚೇ! ಆದ್ರೆ ಅವರ ಮೆಷಿನ್ ಹಲಗೆ ಒಳಗೆ ಇಳಿದು ಕೂತಿದೆ, ಬಟ್ಟೆ ಓಡೋ ಜಾಗ ಟೇಬಲ್ ಮಟ್ಟಕ್ಕೇ ಇದೆ. ನನ್ನದು ಟೇಬಲ್ ಮೇಲೆ ಕೂತು ಇನ್ನೂ ಮೂರೂವರೆ ಇಂಚು ಮೇಲಿದೆ. ಅಷ್ಟೂ ಹೊತ್ತು ಮೊಣಕೈ ಎತ್ಕೊಂಡೇ ಹೊಲೀತಿದ್ದೆ ನಾನು.

ಆಮೇಲೆ ಆನ್‌ಲೈನ್‌ನಲ್ಲಿ ಮಧ್ಯೆ ಚೌಕಾಕಾರ ಕಟ್ ಮಾಡಿ ಕೆಳಗೆ ಮೆಷಿನ್ ಕೂರಿಸೋಕೆ ಹಲಗೆ ಕೊಟ್ಟಿರೋ ಟೇಬಲ್ ಹುಡುಕಿ ತಗೊಂಡೆ, 8,600 ಆಯ್ತು, ನಮ್ಮ ಮನೆ ಲೆಕ್ಕಕ್ಕೆ ದೊಡ್ಡ ದುಡ್ಡೇ, ಎರಡು ತಿಂಗಳು ಫಾಲ್ಸ್ ಪೀಕೋದಿಂದ ಬಂದಿದ್ದೆಲ್ಲ ಸೇರಿಸಿ ಇಟ್ಟಿದ್ದೆ. ಕೂರಿಸಿದ ಮೊದಲನೇ ದಿನಾನೇ ಗೊತ್ತಾಯ್ತು. ಕೈ ಎರಡೂ ಟೇಬಲ್ ಮೇಲೆ ಮಲಗಿದಂಗೆ ಇರ್ತವೆ. ಸೀರೆ ಫಾಲ್ಸ್ ಹಾಕೋವಾಗ ಐದೂವರೆ ಮೀಟರ್ ಸೀರೆ ಮೊದಲು ಮೆಷಿನ್ ಅಂಚಿಂದ ಕೆಳಗೆ ಜೋತುಬಿದ್ದು ಎಳೀತಿತ್ತು, ಹೊಲಿಗೆ ಸೊಟ್ಟ ಹೋಗ್ತಿತ್ತು, ಈಗ ಸೀರೆ ಪೂರ್ತಿ ಎಡಗಡೆ ಟೇಬಲ್ ಮೇಲೇ ಕೂತಿರುತ್ತೆ, ಬೆರಳಲ್ಲಿ ದಾರಿ ತೋರಿಸಿದ್ರೆ ಸಾಕು. ಎರಡು ವಾರಕ್ಕೆ ನೋವು ಕಮ್ಮಿ ಆಯ್ತು, ಬಿಸಿನೀರಿನ ಬ್ಯಾಗ್ ಅಟ್ಟ ಸೇರ್ತು.

ಮಧ್ಯಾಹ್ನ ಅಡುಗೆಮನೆ ಕೆಲ್ಸ ಮುಗಿದ್ಮೇಲೆ ಎರಡರಿಂದ ನಾಲ್ಕು ನನ್ನ ಟೈಮು. ಮೊದಲು ಬಾಬಿನ್ ಕೆಳಗಿನ ನೂಲು ಧೂಳನ್ನ ಹಳೇ ಪೇಂಟ್ ಬ್ರಶ್ಶಲ್ಲಿ ತೆಗೀತೀನಿ, ಅವತ್ತು ಹೊಲಿಯೋ ಬಟ್ಟೆದೇ ಒಂದು ಚೂರಿನ ಮೇಲೆ ನಾಲ್ಕು ಹೊಲಿಗೆ ಹಾಕಿ ಕಿವಿಕೊಟ್ಟು ಕೇಳ್ತೀನಿ, ಟಕ್ ಟಕ್ ಅಂತ ಕುಕ್ಕೋ ಸದ್ದು ಬಂದ್ರೆ ಸೂಜಿ ಮೊಂಡಾಗಿದೆ ಅಂತ. ಕಾಟನ್‌ಗೆ 14, ರೇಷ್ಮೆಗೆ 11 ನಂಬರ್ ಸೂಜಿ. ಕಿಟಕಿ ಎಡಗಡೆ ಬರೋ ಹಾಗೆ ಟೇಬಲ್ ಹಾಕಿದೀನಿ, ಬಲಗಡೆಯಿಂದ ಬೆಳಕು ಬಂದ್ರೆ ಮೆಷಿನ್ ಕಂಬದ ನೆರಳೇ ಸೂಜಿ ಮೇಲೆ ಬೀಳುತ್ತೆ. ಕಾಲಿನ ಪೆಡಲ್ ನುಣುಪು ನೆಲದ ಮೇಲೆ ಮುಂದಕ್ಕೆ ಓಡ್ತಿತ್ತು, ಹಳೇ ಯೋಗ ಮ್ಯಾಟ್ ಕತ್ತರಿಸಿ ಕೆಳಗೆ ಹಾಕಿದ್ಮೇಲೆ ಅಲ್ಲಾಡಲ್ಲ.

ಇಲ್ಲೀ ತನಕ ಬರೆದಿದ್ರೆ ಐದು ಸ್ಟಾರ್ ಕೊಡ್ತಿದ್ದೆ. ಆದ್ರೆ ಮಳೆಗಾಲ ಬಂತು.

ನಮ್ಮದು ತೀರ್ಥಹಳ್ಳಿ. ಆಷಾಢದಲ್ಲಿ ನೆನೆಸಿದ ಫಾಲ್ಸ್ ಬಟ್ಟೆ ಎರಡು ದಿನ ಆದ್ರೂ ಒಣಗಲ್ಲ, ನೆನೆಸದೇ ಹಾಕೋ ಹಾಗೂ ಇಲ್ಲ, ಆಮೇಲೆ ಅದು ಕುಗ್ಗಿ ಸೀರೆ ಅಂಚೆಲ್ಲ ಸುಕ್ಕುಕಟ್ಟುತ್ತೆ. ಅಂಥ ತೇವದಲ್ಲಿ ಮೆಷಿನ್ ಕೂರೋ ಹಲಗೆ ನಿಧಾನಕ್ಕೆ ಉಬ್ಬಿದ್ದು ನನ್ನ ಗಮನಕ್ಕೇ ಬರ್ಲಿಲ್ಲ. ಅದು ಮರ ಅಲ್ಲ, ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಸ್ಕ್ರೂ ಹಿಡಿದಿರೋ ಜಾಗ ಪುಡಿಪುಡಿ ಆಗಿ ಒಂದು ಮೂಲೆ ಇಳೀತು. ಆರೂವರೆ ಕೆಜಿ ಮೆಷಿನ್ ಅದರ ಮೇಲೆ ಅದುರ್ತಾ ಇದ್ರೆ ಇನ್ನೇನಾಗುತ್ತೆ. ಇಳಿದಿದ್ದು ಒಂದು ಬೆರಳಿನ ಅರ್ಧದಷ್ಟೂ ಇಲ್ಲ, ಆದ್ರೆ ಆ ಸಂದೀಲಿ ಟೇಬಲ್ ಅಂಚು ಗರಗಸದ ಹಾಗೆ ಎದ್ದು ನಿಂತಿತ್ತು, ನಾದಿನಿ ಮಗಳ ಮದುವೆಗೆ ತಗೊಂಡ ಮೈಸೂರು ಸಿಲ್ಕ್ ಸೀರೆ ಅದಕ್ಕೆ ಸಿಕ್ಕಿ ಒಂದು ಎಳೆ ಸರ್ ಅಂತ ಬಂತು. ಗೇಣುದ್ದ ಗೆರೆ. ಸೆರಗಲ್ಲಿ ಅಲ್ಲ, ನೆರಿಗೆ ಒಳಗೆ ಹೋಗುತ್ತೆ, ಅವಳು ಪರವಾಗಿಲ್ಲ ಅತ್ತೆ ಅಂದ್ಲು, ಆದ್ರೂ ಆ ರಾತ್ರಿ ನಂಗೆ ಊಟ ಸೇರ್ಲಿಲ್ಲ.

ಕಂಪನಿಗೆ ಫೋಟೋ ಕಳಿಸಿದೆ, ಮೂರು ಸಲ ಫೋನ್ ಮಾಡಿದೆ. ತೇವಕ್ಕೆ ಉಬ್ಬಿದ್ರೆ ವಾರಂಟಿ ಬರಲ್ಲ ಅಂದ್ರು. ಮಲೆನಾಡಿಗೂ ಡೆಲಿವರಿ ಕೊಡ್ತೀವಿ ಅಂತ ಹಾಕ್ಕೊಂಡಿರೋರು ಈ ಮಾತನ್ನ ಮಾರೋ ಮೊದಲೇ ಹೇಳ್ಬೇಕಿತ್ತು.

ಕೊನೆಗೆ ನಮ್ಮ ಬೀದಿ ಬಡಗಿಯವರೇ ಸರಿ ಮಾಡಿದ್ರು. ಆ ಹಲಗೆ ತೆಗೆದು ತೇವ ತಡೆಯೋ 18 ಎಂಎಂ ಮರೈನ್ ಪ್ಲೈವುಡ್ ಹಾಕಿದ್ರು, ಸ್ಕ್ರೂ ಬದಲು ನಾಲ್ಕು ಮೂಲೆಗೂ ಉದ್ದ ಬೋಲ್ಟ್, ಮೇಲೂ ಕೆಳಗೂ ವಾಷರ್ ಮತ್ತೆ ನಟ್ಟು. ಈಗ ಮೆಷಿನ್ ಇಳಿದ್ರೆ ಸ್ಪ್ಯಾನರ್‌ನಲ್ಲಿ ನಾನೇ ತಿರುಗಿಸಿ ಮಟ್ಟ ಮಾಡ್ಕೋಬಹುದು. ಅಂಚಿಗೆ ಸ್ಯಾಂಡ್ ಪೇಪರ್ ಉಜ್ಜಿಸಿದೆ. ಎಲ್ಲ ಸೇರಿ 1,900. ಈಗ ದಿನಾ ಕೂರೋ ಮೊದಲು ಒಂದು ರೇಷ್ಮೆ ಚೂರನ್ನ ಸುತ್ತಲೂ ಎಳೆದು ನೋಡ್ತೀನಿ, ಎಲ್ಲೂ ತಡೀಲಿಲ್ಲ ಅಂದ್ರೇನೇ ಸೀರೆ ಬಿಚ್ಚೋದು.

ಅದಕ್ಕೇ ಮೂರು ಸ್ಟಾರ್. ಮೆಷಿನ್ ಇಳಿಸಿ ಕೂರಿಸೋ ಟೇಬಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಯಲುಸೀಮೆಯವರು ಇದನ್ನೇ ತಗೊಂಡ್ರೂ ನಡೆದೀತೇನೋ. ಕರಾವಳಿ, ಮಲೆನಾಡು, ಕೊಡಗಿನವರು ದಯವಿಟ್ಟು ಇಷ್ಟು ದುಡ್ಡು ಹಾಕ್ಬೇಡಿ, ನಿಮ್ಮ ಮೆಷಿನ್ ತಳದ ಉದ್ದ ಅಗಲ ಎತ್ತರ ಬರ್ಕೊಂಡು ಬಡಗಿ ಹತ್ರ ಹೋಗಿ, ಬಟ್ಟೆ ಓಡೋ ಮಟ್ಟ ಕೂತಾಗ ನಿಮ್ಮ ಮೊಣಕೈ ಎತ್ತರಕ್ಕೇ ಬರ್ಲಿ ಅಂತ ಹೇಳಿ. ವೈರ್ ಹೋಗೋಕೆ ಹಿಂದೆ ಒಂದು ತೂತು ಬಿಡೋಕೂ ಹೇಳಿ, ನನ್ನದರಲ್ಲಿ ಅದನ್ನ ಆಮೇಲೆ ಕೊರೆಸಬೇಕಾಯ್ತು.