ಪುತ್ತೂರಿನಿಂದ ತಂದ ಮೂರು ಬಾಟಲಿ ಜೇನು

ಜೂನ್‌ನಲ್ಲಿ ಅಕ್ಕನ ಮನೆಗೆ ಪುತ್ತೂರಿಗೆ ಹೋದಾಗ ಒಂದು ಚಿಕ್ಕ ಜೇನಂಗಡಿ ಕಣ್ಣಿಗೆ ಬಿತ್ತು. ರಬ್ಬರ್, ನೇರಳೆ, ಸಾಸಿವೆ ಅಂತ ಬಾಟಲಿಗಳ ಮೇಲೆ ಬೇರೆ ಬೇರೆ ಚೀಟಿ. ಒಂದೊಂದು ಅರ್ಧ ಕೆಜಿ ತಂದೆ.

ಸಾಸಿವೆ ಜೇನು ರಾಜಸ್ಥಾನದ ಕಡೆಯದು. ಅಂಗಡಿಯಲ್ಲೇ ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಮೈಸೂರಿಗೆ ತಂದ ತಕ್ಷಣ ಅತ್ತೆ, "ಸಕ್ಕರೆ ಪಾಕ ಹುಯ್ದಿದಾರೆ ಕಣಮ್ಮ, ಮೋಸ ಹೋದೆ" ಅಂದರು. ಇಪ್ಪತ್ತು ವರ್ಷದಿಂದ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಸುಮ್ನೆ ಇರ್ತೀನಾ? ಜೇನಿನಲ್ಲಿ ಮುಖ್ಯವಾಗಿ ಇರೋದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಗ್ಲೂಕೋಸ್ ನೀರಿನಲ್ಲಿ ಫ್ರಕ್ಟೋಸ್‌ನಷ್ಟು ಸುಲಭವಾಗಿ ಕರಗಿ ನಿಲ್ಲುವುದಿಲ್ಲ, ಅದಕ್ಕೇ ಅದು ಹರಳಾಗುತ್ತದೆ. ಸಾಸಿವೆ ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ, ಹಾಗಾಗಿ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಕಲಬೆರಕೆಗೂ ಇದಕ್ಕೂ ಸಂಬಂಧ ಇಲ್ಲ. ಚಪಾತಿಗೆ ಸವರಲು ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ರಬ್ಬರ್ ಜೇನು ತಿಳಿ ಬಣ್ಣ, ಬರೀ ಸಿಹಿ. ಪರಿಮಳ ಅಷ್ಟಕ್ಕಷ್ಟೆ. ಚೀಟಿಯಲ್ಲಿ "ರಬ್ಬರ್ ಹೂವಿನ ಜೇನು" ಅಂತ ಬರೆದಿದ್ದಾರೆ, ಅದು ತಪ್ಪು. ಎಳೆ ಚಿಗುರಿನಲ್ಲಿ ಮೂರು ಎಲೆ ಸೇರುವ ಜಾಗದಲ್ಲಿ ಜಿನುಗುವ ಸಿಹಿ ರಸವನ್ನು ಜೇನುಹುಳ ಹೀರುತ್ತದೆ. ಹೂವಿನ ಪಾಲು ಇದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹೇಳಿದರೆ ಅಂಗಡಿಯವರು, "ಎಲೆಯ ಜೇನು ಅಂದ್ರೆ ಯಾರು ತಗೊಳ್ತಾರೆ ಮಾರಾಯ್ರೇ" ಅಂತ ನಕ್ಕರು. ಕಷಾಯಕ್ಕೆ ಸಾಕು.

ನಾನು ಅಂಗಡಿಯ ಒಳಗೆ ಹೋಗಿದ್ದೇ ನೇರಳೆ ಜೇನಿನ ಚೀಟಿ ನೋಡಿ. ಗಾಢ ಕಂದು, ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂದೆ ಸಣ್ಣ ಕಹಿ. ಬಣ್ಣ ಗಾಢವಾದಷ್ಟೂ ಜೇನಿನಲ್ಲಿ ಸಾಮಾನ್ಯವಾಗಿ ಖನಿಜ ಮತ್ತು ಗಿಡದಿಂದ ಬರುವ ಫೀನಾಲಿಕ್ ಸಂಯುಕ್ತಗಳು ಜಾಸ್ತಿ. ಆ ಕಹಿ ನನಗೆ ಬಹಳ ಹಿಡಿಸಿತು, ಮಗನಿಗೆ ಒಂಚೂರೂ ಹಿಡಿಸಲಿಲ್ಲ. ಆದರೆ ತಂದ ಮೂರನೇ ವಾರ ಮುಚ್ಚಳ ತಿರುಗಿಸಿದರೆ ಟುಸ್ ಅಂತ ಗಾಳಿ, ಮೇಲೆಲ್ಲ ನೊರೆ, ಹುಳಿ ವಾಸನೆ. ಇದಕ್ಕೆ ನೇರಳೆ ಹೂವನ್ನು ದೂರಿ ಪ್ರಯೋಜನ ಇಲ್ಲ. ಮಳೆ ಹಿಡಿದ ಮೇಲೆ, ಗೂಡಿನ ಎರಿಯ ಕೋಣೆಗಳಿಗೆ ಮೇಣದ ಮುಚ್ಚಳ ಕೂರುವ ಮೊದಲೇ, ಅಂದರೆ ನೀರಿನಂಶ ಇನ್ನೂ ಜಾಸ್ತಿ ಇರುವಾಗಲೇ, ಜೇನುತುಪ್ಪ ತೆಗೆದುಬಿಟ್ಟಿರಬೇಕು. ನೀರಿನಂಶ ಶೇಕಡಾ 20 ದಾಟಬಾರದು ಅಂತ ನಮ್ಮ ಆಹಾರ ನಿಯಮವೇ ಹೇಳುತ್ತದೆ. ದಾಟಿದರೆ ಅದರಲ್ಲೇ ಇರುವ ಯೀಸ್ಟ್ ಹುಳಿ ಬರಿಸುತ್ತದೆ.

ಫೋನ್ ಮಾಡಿದೆ. ವಾದ ಮಾಡದೆ ಏಪ್ರಿಲ್ ಕೊನೆಯಲ್ಲಿ ತೆಗೆದ ಬೇರೆ ಬಾಟಲಿಯನ್ನು ಕೊರಿಯರ್‌ನಲ್ಲಿ ಕಳಿಸಿದರು. ಅದು ಮಂದವಾಗಿದೆ, ಇವತ್ತಿಗೂ ನೊರೆ ಬಂದಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಹೂವಿನ ಹೆಸರು ಬರೆಯುವವರು ಪಕ್ಕದಲ್ಲೇ ತುಪ್ಪ ತೆಗೆದ ತಿಂಗಳನ್ನೂ ಬರೆದಿದ್ದರೆ ಆ ಒಂದನ್ನೂ ಕಳೆಯುತ್ತಿರಲಿಲ್ಲ. ಸಾಸಿವೆ ಬಾಟಲಿ ಖಾಲಿಯಾಗಿದೆ. ಜಾಸ್ತಿ ತಿಂದವರು ಅತ್ತೆ.