‘ಮಗುವಿಗಾಗಿ ಮನೆ ಸಿದ್ಧ’ ಪ್ಯಾಕೇಜ್: ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ

ಮನೆಗೆ ಮಗು ಬರುವ ದಿನ ಎಣಿಸುತ್ತಿರುವವರು ಯಾರಿದ್ದೀರೋ, ಇದನ್ನು ಕೊನೆಯವರೆಗೂ ಓದಿ. ಉದ್ದವಾಗಿದೆ, ಗೊತ್ತು. ಸಿಟ್ಟು ಇನ್ನೂ ಇಳಿದಿಲ್ಲ, ಹಿಂದುಮುಂದಾಗಿ ಬರೆದಿದ್ದರೆ ಕ್ಷಮಿಸಿ.

ನನಗೆ ಎಂಟು ತಿಂಗಳು ತುಂಬಿದೆ. ನಾನೂ ನಮ್ಮ ಮನೆಯವರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಅಂಗಡಿ ಅಂಗಡಿ ಸುತ್ತಲು ನನಗೆ ಶಕ್ತಿ ಇರಲಿಲ್ಲ, ಅವರಿಗೆ ಬಿಡುವು ಇರಲಿಲ್ಲ. ಹಾಗಾಗಿ ‘ಮಗು ಬರುವಷ್ಟರಲ್ಲಿ ನಿಮ್ಮ ಮನೆಯನ್ನು ನಾವು ಸಿದ್ಧ ಮಾಡಿಕೊಡುತ್ತೇವೆ’ ಎನ್ನುವವರೊಬ್ಬರಿಗೆ ಫೋನ್ ಮಾಡಿದೆ. ಬೇಬಿ ಕಾಟ್, ಹಾಸಿಗೆ, ಬಟ್ಟೆ ಇಡುವ ಕಪಾಟು, ಕೋಣೆಗೆ ಬಣ್ಣ, ಎಲ್ಲಾ ಸೇರಿ ಒಂದೇ ಪ್ಯಾಕೇಜ್. ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬಂದು ನೋಡುತ್ತಾರೆ, ಅಳತೆ ತೆಗೆದುಕೊಳ್ಳುತ್ತಾರೆ, ಪಟ್ಟಿ ಕೊಡುತ್ತಾರೆ, ಅರ್ಧ ಮುಂಗಡ, ಕೆಲಸ ಮುಗಿದ ಮೇಲೆ ಇನ್ನರ್ಧ, ಕೈಗೆ ಬಿಲ್. ನಾನೂ ಅಷ್ಟೇ ಅಂದುಕೊಂಡಿದ್ದೆ.

ಬಂದ ಮನುಷ್ಯ ಮೊದಲು ಮಾಡಿದ ಕೆಲಸ ನನ್ನನ್ನು ಹೆದರಿಸಿದ್ದು. ಈಗ ಅರ್ಥವಾಗುತ್ತಿದೆ, ಆಗ ಆಗಲಿಲ್ಲ. ಮನೆಯೆಲ್ಲಾ ಓಡಾಡಿ, “ಮೇಡಂ, ಮೇಜಿನ ಮೂಲೆ ನೋಡಿ ಎಷ್ಟು ಚೂಪಾಗಿದೆ. ಪ್ಲಗ್ ಪಾಯಿಂಟ್ ತೆರೆದೇ ಇದೆ. ಕಪಾಟಿಗೆ ಲಾಕ್ ಇಲ್ಲ. ಮೊದಲ್ನೇ ಮಗುನಾ? ಅದಕ್ಕೇ ನಿಮಗೆ ಗೊತ್ತಾಗಿಲ್ಲ” ಅಂದ. ಹುಟ್ಟಿದ ಮಗು ಮಲಗಿಸಿದ ಜಾಗದಲ್ಲೇ ಮಲಗಿರುತ್ತದೆ ಕಣ್ರೀ. ಮಗುಚಿಕೊಳ್ಳುವುದಕ್ಕೇ 4 ತಿಂಗಳ ಆಸುಪಾಸು ಆಗುತ್ತದೆ, ಅಂಬೆಗಾಲಿಡಲು ಇನ್ನೂ ಮೂರ್ನಾಲ್ಕು ತಿಂಗಳು. ಮೇಜಿನ ಮೂಲೆಗೆ ರಬ್ಬರ್ ಅಂಟಿಸಲು ಅಷ್ಟು ಸಮಯ ಇದೆ. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಂಡದ್ದು ಆ ಮೂಲೆ, ನನ್ನ ಮಗುವಿನ ಹಣೆ, ಅಷ್ಟೇ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ.

ಹೀಗೆ ಪಟ್ಟಿಗೆ ‘ಸೇಫ್ಟಿ ಕಿಟ್’ ಅಂತ ಒಂದು ಸೇರಿತು. ಕಾಟಿನ ಸುತ್ತ ಕಟ್ಟುವ ದಪ್ಪ ಮೆತ್ತನೆಯ ಬಂಪರ್. ತಲೆ ದುಂಡಗಾಗಲು ನಡುವೆ ಗುಳಿ ಇರುವ ದಿಂಬು. ಮಗು ಹಾಲು ಕಕ್ಕಬಾರದು ಅಂತ ತಲೆಯ ಕಡೆ ಎತ್ತರ ಮಾಡುವ ಇಳಿಜಾರು ದಿಂಬು. ಮೇಲೆ ಹೊದೆಸಲು ರಜಾಯಿ. ಈ ಕಿಟ್ಟಿಗೆ ಕಾಟಿನ ಅರ್ಧದಷ್ಟು ದುಡ್ಡು.

ಮುಂಗಡ ಕೊಟ್ಟೆ. ಬಿಲ್ ಕೇಳಿದೆ, ಕೇಳಲಿಲ್ಲ ಅಂತಲ್ಲ. “ಕೊನೇಲಿ ಎಲ್ಲಾ ಒಟ್ಟಿಗೆ ಕೊಡ್ತೀವಿ ಮೇಡಂ, ಈಗ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕ್ತೀನಿ ಸಾಕು” ಅಂದ. ಬಂದ ಮೆಸೇಜ್ ಏನು ಗೊತ್ತಾ? ‘ಅಡ್ವಾನ್ಸ್ ಬಂತು ಮೇಡಂ, ಥ್ಯಾಂಕ್ಸ್.’ ಯಾವುದಕ್ಕೆ ಅಡ್ವಾನ್ಸ್, ಏನು ವಸ್ತು, ಹೊಸದೋ ಹಳೆಯದೋ, ಒಂದಕ್ಷರ ಇಲ್ಲ. ಆಫೀಸಿನಲ್ಲಿ ನನ್ನ ಕೆಲಸವೇ ಬಿಲ್ ಪರಿಶೀಲಿಸುವುದು. ಸಹಿ ಇಲ್ಲದ ಒಂದು ಚೀಟಿಯನ್ನೂ ನಾನು ಮುಂದಕ್ಕೆ ಬಿಟ್ಟವಳಲ್ಲ. ನನ್ನ ಮಗುವಿನ ವಿಷಯದಲ್ಲಿ ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಎಲ್ಲಾ ತಂದು ಜೋಡಿಸಿದ ಸಂಜೆ ಕೋಣೆ ಎಷ್ಟು ಚಂದ ಕಾಣುತ್ತಿತ್ತು ಅಂದರೆ ನಾನು ಅತ್ತುಬಿಟ್ಟೆ. ಹಾಲುಬಿಳುಪಿನ ಕಾಟ್, ಮೋಡದ ಚಿತ್ರದ ಬಂಪರ್, ಪುಟ್ಟ ದಿಂಬು. ಫೋಟೋ ತೆಗೆದು ಬಂಧುಗಳಿಗೆ, ಗೆಳತಿಯರಿಗೆ, ಆಫೀಸಿನವರಿಗೆ ಎಲ್ಲರಿಗೂ ಕಳಿಸಿದೆ. “ಎಲ್ಲಿ ಮಾಡಿಸಿದೆ, ನಂಬರ್ ಕೊಡೇ” ಅಂದವರಿಗೆ ನಂಬರನ್ನೂ ಕೊಟ್ಟೆ! “ಕೆಲಸಗಾರರಿಗೆ ಇವತ್ತೇ ಕೂಲಿ ಕೊಡ್ಬೇಕು ಮೇಡಂ” ಅಂದದ್ದಕ್ಕೆ ಉಳಿದ ದುಡ್ಡನ್ನೂ ಅವತ್ತೇ ಹಾಕಿದೆ. ಬಿಲ್ ‘ನಾಳೆ’ ಬರುತ್ತದೆ ಅಂದ. ಆ ನಾಳೆ ಇನ್ನೂ ಬಂದಿಲ್ಲ.

ಭಾನುವಾರ ನಮ್ಮ ದೊಡ್ಡಪ್ಪನ ಮಗಳು ಬಂದಳು. ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಾಳೆ. ಕೋಣೆ ತೋರಿಸಿದೆ. ಚೆನ್ನಾಗಿದೆ ಅನ್ನುತ್ತಾಳೆ ಅಂತ ಅವಳ ಮುಖವನ್ನೇ ನೋಡುತ್ತಿದ್ದೆ. ಅಕ್ಕ ಏನೂ ಹೇಳದೆ ದಿಂಬು ತೆಗೆದು ಕೆಳಗಿಟ್ಟಳು. ಆಮೇಲೆ ಇಳಿಜಾರು ದಿಂಬು. ಆಮೇಲೆ ರಜಾಯಿ. ಆಮೇಲೆ ಬಂಪರಿನ ಗಂಟು ಬಿಚ್ಚತೊಡಗಿದಳು.

“ಇದೆಲ್ಲ ಯಾರೇ ಹೇಳಿದ್ದು ನಿಂಗೆ?”

“ಸೇಫ್ಟಿ ಕಿಟ್ ಅಕ್ಕಾ.”

“ಯಾರ ಸೇಫ್ಟಿ? ಹಾಸಿಗೆ ಬೋಳಾಗಿರ್ಬೇಕು ಕಣೇ. ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಒಂದು ಬಟ್ಟೆ, ಮಗು ಅಂಗಾತ. ಮುಗೀತು.”

ಅವಳು ಹೇಳಿದ್ದು ಇಷ್ಟು. ಹುಟ್ಟಿದ ಮಗುವಿಗೆ ಕತ್ತಿನಲ್ಲಿ ಬಲವಿರುವುದಿಲ್ಲ. ಮೂಗು ಮೆತ್ತನೆಯ ಬಂಪರಿಗೋ ದಿಂಬಿಗೋ ಒತ್ತಿಕೊಂಡರೆ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಲು ಆಗದೇ ಇರಬಹುದು. ಇಳಿಜಾರಿನಲ್ಲಿ ಮಲಗಿಸಿದರೆ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅಳು ಕೂಡ ಕೇಳಿಸುವುದಿಲ್ಲ. ಪಕ್ಕದಲ್ಲೇ ಮಲಗಿದ್ದರೂ ನಮಗೆ ಗೊತ್ತಾಗುವುದಿಲ್ಲ.

ಅವತ್ತು ರಾತ್ರಿ ನಿದ್ದೆ ಬರದೆ ಕೂತು ಹುಡುಕಿದೆ. ಅಮೆರಿಕದಲ್ಲಿ 2022ರಲ್ಲಿ ಮೆತ್ತನೆಯ ಬಂಪರುಗಳನ್ನೂ, 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶುಗಳ ಹಾಸಿಗೆಗಳನ್ನೂ ಕಾನೂನು ಮಾಡಿಯೇ ನಿಷೇಧಿಸಿದ್ದಾರೆ. ತಲೆ ದುಂಡಗೆ ಮಾಡುವ ದಿಂಬು ಬಳಸಬೇಡಿ ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ವರ್ಷ ಎಚ್ಚರಿಸಿದೆ. ಮಗುವನ್ನು ಅಂಗಾತ ಮಲಗಿಸಿ ಎನ್ನುವ ಪ್ರಚಾರ ಅಲ್ಲಿ 1994ರಲ್ಲೇ ಶುರುವಾಗಿ, ನಿದ್ದೆಯಲ್ಲಿ ಕಾರಣವೇ ತಿಳಿಯದೆ ಶಿಶುಗಳು ಸಾಯುವುದು ಮುಂದಿನ ವರ್ಷಗಳಲ್ಲಿ ಅರ್ಧದಷ್ಟು ಕಡಿಮೆಯಾಯಿತು. ಇದೇ ಕಸುಬಿನವನಿಗೆ ಇದು ಗೊತ್ತಿಲ್ಲವಾ? ಗೊತ್ತಿದ್ದೂ ಮಾರಿದನಾ? ಎರಡರಲ್ಲಿ ಯಾವುದಾದರೂ ನನಗೆ ಸಿಟ್ಟೇ.

ಆದರೆ ನಿಜವಾಗಿ ಮೋಸ ಹೋದೆ ಅಂತ ಗೊತ್ತಾಗಿದ್ದು ಇದರಿಂದಲ್ಲ. ಬಂಪರ್ ಬಿಚ್ಚಿದ ಮೇಲೆ.

ಬಂಪರ್ ಇದ್ದಾಗ ಕಾಟಿನ ಒಳಭಾಗ ಕಾಣುತ್ತಲೇ ಇರಲಿಲ್ಲ. ಅದನ್ನು ತೆಗೆದಾಗ ಮೇಲಿನ ಮರದ ಪಟ್ಟಿಯ ಒಳಬದಿಯಲ್ಲಿ ಸಣ್ಣ ಸಣ್ಣ ಗುಳಿಗಳು ಕಂಡವು. ಜೋಡಿ ಜೋಡಿಯಾಗಿ, ಸಾಲಾಗಿ. ಮೇಲೆ ಬಿಳಿ ಬಣ್ಣ ಬಳಿದಿದ್ದರೂ ಗುಳಿ ಗುಳಿಯೇ. ನಾನು ಬೆರಳು ಆಡಿಸುತ್ತಾ ಏನಿದು ಅಂತ ಯೋಚಿಸುತ್ತಿದ್ದೆ. ಅಕ್ಕ ಬಗ್ಗಿ ನೋಡಿ ಮೆಲ್ಲಗೆ ಹೇಳಿದಳು: “ಹಲ್ಲಿನ ಗುರುತು ಕಣೇ ಇದು.”

ಹಲ್ಲಿನ ಗುರುತು. ಯಾವುದೋ ಮಗು ಹಲ್ಲು ಬರುವಾಗ ಈ ಪಟ್ಟಿ ಹಿಡಿದು ನಿಂತು ಕಚ್ಚಿದೆ. ನಾನು ಹೊಸ ಕಾಟಿನ ದುಡ್ಡು ಕೊಟ್ಟಿದ್ದೇನೆ, ಫೋಟೋ ಕಳಿಸಿದ್ದೇನೆ, ನಂಬರ್ ಹಂಚಿದ್ದೇನೆ, ಆ ಕಾಟಿನಲ್ಲಿ ಆಗಲೇ ಒಂದು ಮಗು ಬೆಳೆದು ಹೋಗಿದೆ. ನೆಲದ ಮೇಲೆ ಕೂತುಬಿಟ್ಟೆ.

ಇನ್ನೊಬ್ಬರ ಮಗು ಬಳಸಿದ್ದು ಅನ್ನುವುದಕ್ಕಲ್ಲ ನನಗೆ ಸಂಕಟ. ನಾನೇ ಅಣ್ಣನ ಮಗನ ಬಟ್ಟೆಗಳನ್ನು ಒಗೆದು ಇಟ್ಟುಕೊಂಡಿದ್ದೇನೆ. ಹೇಳಿ ಕೊಟ್ಟಿದ್ದರೆ ಅದು ಬೇರೆ ಮಾತು. ಆಮೇಲೆ ನೋಡುತ್ತಾ ಹೋದಂತೆ ಒಂದೊಂದೇ ಹೊರಬಂತು. ಉಗುರಿನಲ್ಲಿ ಕೆರೆದರೆ ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕಂದು. ಹಳೆಯ ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿದ್ದಾರೆ. ಹಾಸಿಗೆ ಎತ್ತಿದರೆ ಅಡಿ ಹಲಗೆಯ ಮೇಲೆ ಅರ್ಧ ಕೆರೆದ ಲೇಬಲ್, ಅದರಲ್ಲಿ ಇಸವಿಯ ಮೊದಲ ಮೂರು ಅಂಕಿ ಉಳಿದಿವೆ: 200. ಕೊನೆಯದನ್ನು ಕೆರೆದಿದ್ದಾರೆ. ಅಂದರೆ ಏನಿಲ್ಲವೆಂದರೂ 2009 ಅಥವಾ ಅದಕ್ಕಿಂತ ಹಳೆಯದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ, ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ. ಹಲ್ಲು ಬರುವ ಮಗು ಕಚ್ಚುವುದು ಇದೇ ಪಟ್ಟಿಯನ್ನೇ ಅಲ್ಲವಾ!

ಇನ್ನೂ ಇದೆ. ಕಾಟಿನ ಒಂದು ಬದಿ ಮೇಲೆ ಕೆಳಗೆ ಜಾರುತ್ತದೆ. “ಬಗ್ಗೋ ಕಷ್ಟ ಇಲ್ಲ ಮೇಡಂ, ಸಿಸೇರಿಯನ್ ಆದವರಿಗಂತೂ ಇದೇ ಬೆಸ್ಟ್” ಅಂದಿದ್ದ. ಅಕ್ಕ ಆ ಬದಿಯನ್ನು ಹಿಡಿದು ಅಲ್ಲಾಡಿಸಿದಳು ಅಷ್ಟೇ. ಕೆಳಗಿನ ಮೂಲೆ ಅದು ಕೂರುವ ಜಾಗದಿಂದ ಕಳಚಿಕೊಂಡು ಹಾಸಿಗೆಗೂ ಪಟ್ಟಿಗೂ ನಡುವೆ ನನ್ನ ಅಂಗೈ ಹೋಗುವಷ್ಟು ಸಂದು ಬಿತ್ತು. ಮಗು ಆ ಸಂದಿಗೆ ಉರುಳಿದರೆ? ಹೀಗೆ ಬದಿ ಜಾರುವ ಕಾಟುಗಳಲ್ಲಿ ಸಿಕ್ಕಿಕೊಂಡು ಅಮೆರಿಕದಲ್ಲಿ 30ಕ್ಕೂ ಹೆಚ್ಚು ಶಿಶುಗಳು ಸತ್ತ ಮೇಲೆ, 2011ರ ಜೂನ್‌ನಿಂದ ಅವುಗಳನ್ನು ಮಾಡುವುದನ್ನೂ ಮಾರುವುದನ್ನೂ ಅಲ್ಲಿ ನಿಲ್ಲಿಸಿದ್ದಾರೆ. ಸೆಕೆಂಡ್ ಹ್ಯಾಂಡ್ ಮಾರುವುದೂ ತಪ್ಪು.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲ ಸಲ ಫೋನ್ ಮಾಡಿದಾಗ, “ಹೊಸದೇ ಮೇಡಂ, ಗೋಡೌನಲ್ಲಿ ಸ್ವಲ್ಪ ಗೀರು ಬಿದ್ದಿರುತ್ತೆ” ಅಂದ. ಹಲ್ಲಿನ ಗುರುತು ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇಲಿ ಇರಬಹುದು ಮೇಡಂ.”

ಇಲಿ! ನನ್ನ ಮಗುವಿನ ಹಾಸಿಗೆಯನ್ನು ಇಲಿ ಕಡಿದಿದೆ ಅನ್ನುವುದು ಅವನ ಸಮಾಧಾನ.

ಫೋಟೋಗಳನ್ನೆಲ್ಲ ಕಳಿಸಿದೆ, ಲೇಬಲ್ಲಿನದ್ದೂ. ಆಗ ಬಂದ ಮೆಸೇಜ್: ‘ಹೊಸದು ಅಂತ ನಾವು ಎಲ್ಲೂ ಬರೆದುಕೊಟ್ಟಿಲ್ಲ. ಹೊಸ ಫಿನಿಶಿಂಗ್ ಅಂದಿದ್ವಿ.’ ಬರೆದುಕೊಟ್ಟಿಲ್ಲ, ಹೌದು. ಬರೆಸಿಕೊಳ್ಳದವಳು ನಾನು. ಕಿಟ್ ಬಗ್ಗೆ ಕೇಳಿದರೆ, ‘ಇಷ್ಟು ಮನೆಗೆ ಹಾಕಿದೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ. ನೀವೇ ಮೊದಲು.’ ಅದರ ಬೆನ್ನಿಗೇ ಇನ್ನೊಂದು: ‘ಈ ಟೈಮಲ್ಲಿ ಲೇಡೀಸ್‌ಗೆ ಟೆನ್ಶನ್ ಜಾಸ್ತಿ, ನಮಗೆ ಅರ್ಥ ಆಗುತ್ತೆ. ಸರ್ ನಂಬರ್ ಕೊಡಿ, ಅವರ ಹತ್ರ ಮಾತಾಡ್ತೀವಿ.’

ಇದನ್ನು ಓದಿದಾಗ ಆದ ಅವಮಾನ ಇನ್ನೂ ಹೋಗಿಲ್ಲ. ದುಡ್ಡು ಕೊಡುವಾಗ ನಾನು ಸಾಕಿತ್ತು. ಪ್ರಶ್ನೆ ಕೇಳಿದ ಕೂಡಲೇ ನನಗೆ ಟೆನ್ಶನ್, ಮಾತು ‘ಸರ್’ ಜೊತೆ. ನಮ್ಮ ಮನೆಯವರೂ ಮಾತಾಡಿದರು. ಅವರಿಗೆ ಹೇಳಿದ್ದು, “ಸರ್, ಕಾಟ್ ಬೇಡ ಅಂದ್ರೆ ಬೇರೆ ಮಾಡೆಲ್ ಕಳಿಸ್ತೀವಿ, ಡಿಫರೆನ್ಸ್ ಕೊಟ್ಟುಬಿಡಿ.” ಹೊಸದಕ್ಕೆ ಇನ್ನೊಮ್ಮೆ ದುಡ್ಡು!

ಬಟ್ಟೆಯ ಕಪಾಟು ಮಾತ್ರ ಹೊಸದೇ, ಗಟ್ಟಿಯಾಗಿಯೂ ಇದೆ. ಕೋಣೆಯ ಬಣ್ಣದ ವಾಸನೆ ಮೂರು ವಾರವಾದರೂ ಹೋಗಿಲ್ಲ. ‘ವಾಸನೆ ಇಲ್ಲದ ಪೇಂಟ್’ ಅಂದಿದ್ದರು, ಡಬ್ಬಿ ತೋರಿಸಿ ಅಂದರೆ ಎಸೆದಾಯಿತಂತೆ. ಕಿಟಕಿ ತೆರೆದಿಟ್ಟು ನಾವು ಹಾಲ್‌ನಲ್ಲಿ ಮಲಗುತ್ತಿದ್ದೇವೆ.

ನೀವು ಇಷ್ಟು ಮಾಡಿ. ಬಿಲ್ಲಿನಲ್ಲಿ ‘ಹೊಸದು’ ಎಂಬ ಪದ, ತಯಾರಿಸಿದವರ ಹೆಸರು, ತಯಾರಾದ ಇಸವಿ, ಮೂರೂ ಇಲ್ಲದೆ ಮುಂಗಡ ಕೊಡಬೇಡಿ. ಕಾಟ್ ಬಂದ ದಿನ ಮೇಲಿನ ಬಟ್ಟೆಗಳನ್ನೆಲ್ಲ ಕಿತ್ತು ಮರವನ್ನು ನೋಡಿ, ಕೆಳಗಿನಿಂದ ನೋಡಿ, ಹಿಡಿದು ಜೋರಾಗಿ ಅಲ್ಲಾಡಿಸಿ. ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಅಂತರ ಇರಬಾರದು, ತಂಪು ಪಾನೀಯದ ಮಾಮೂಲಿ ಡಬ್ಬಿ ಆ ಸಂದಿನಲ್ಲಿ ತೂರಿದರೆ ಮಗುವಿನ ಮೈಯೂ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಮತ್ತು ಕಾಟಿನ ಅಂಚಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಬದಿ ಜಾರುವ ಕಾಟ್ ಬೇಡವೇ ಬೇಡ. ಕಿಟ್ ಗಿಟ್ ಏನೂ ಬೇಡ. ಕೊನೆಯ ಕಂತನ್ನು ತಿಳಿದವರೊಬ್ಬರು ಬಂದು ನೋಡುವವರೆಗೆ ಹಾಕಬೇಡಿ, ಕೂಲಿಯವರ ಹೆಸರು ಹೇಳಿದರೂ ಹಾಕಬೇಡಿ.

ನಾನು ನಂಬರ್ ಕೊಟ್ಟಿದ್ದ ಗೆಳತಿಯರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದೇನೆ. ಒಬ್ಬಳು ಆಗಲೇ ಮುಂಗಡ ಕೊಟ್ಟಿದ್ದಳು. ಅವಳಿಗೆ ಏನು ಹೇಳಲಿ?

ಇದನ್ನು ಇವತ್ತೇ ಬರೆಯಲು ಕಾರಣ ಬೇರೆ. ನಿನ್ನೆ ಅವನೇ ಫೋನ್ ಮಾಡಿದ, ದನಿ ತುಂಬಾ ಮೆತ್ತಗಿತ್ತು. “ಮೇಡಂ, ಜಗಳ ಬೇಡ. ಕಾಟ್ ವಾಪಸ್ ಕೊಡಿ. ಇನ್ನೊಂದು ಕಡೆ ಅರ್ಜೆಂಟಾಗಿ ಕೇಳ್ತಿದ್ದಾರೆ, ಅಲ್ಲಿ ಪೇಮೆಂಟ್ ಬಂದ ತಕ್ಷಣ ನಿಮಗೆ ಒಂದಿಷ್ಟು ಹಾಕ್ತೀನಿ.” ಯಾರು ಕೇಳುತ್ತಿರುವವರು ಅಂದೆ. “ಅವರಿಗೂ ಮುಂದಿನ ತಿಂಗಳೇ ಡೆಲಿವರಿ ಮೇಡಂ.”

ಹಲ್ಲಿನ ಗುರುತಿಗೆ ಇನ್ನೊಂದು ಪದರ ಬಣ್ಣ ಬಳಿದು ಅವರ ಮನೆಯಲ್ಲಿ ಜೋಡಿಸುತ್ತಾನೆ. ನಮ್ಮ ಮನೆಯವರು ರಾತ್ರಿಯೇ ಗರಗಸ ತಂದು ಆ ಜಾರುವ ಬದಿಯನ್ನೂ ನಾಲ್ಕು ಕಾಲುಗಳನ್ನೂ ಕೊಯ್ದು ಹಾಕಿದರು. ದುಡ್ಡು ಹೋಯಿತು, ಹೋಗಲಿ. ಆದರೆ ಅವನ ಗೋಡೌನಿನಲ್ಲಿ ಇರುವುದು ಇದೊಂದೇ ಕಾಟ್ ಆಗಿರಲಾರದು. ಮುಂದಿನ ತಿಂಗಳು ಡೆಲಿವರಿ ಇರುವ ಆ ಮನೆಯವರು ನೀವೇ ಆಗಿದ್ದರೆ, ನಿಮಗೆ ಬಿಳಿ ಕಾಟ್, ಮೋಡದ ಚಿತ್ರದ ಬಂಪರ್ ಬಂದರೆ, ಮೊದಲು ಆ ಬಂಪರ್ ಬಿಚ್ಚಿ ನೋಡಿ.